ಧ್ವನಿಯ ಗುಣಮಟ್ಟಕ್ಕೂ ಅಟ್ಮಾಸ್‌ಗೂ ಒಂದೇ ಚಂದಾ ಸಾಕೇ? ಸ್ಟ್ರೀಮಿಂಗ್ ಸೇವೆಯ ಆಯ್ಕೆ ಕುರಿತು ಚರ್ಚೆ

ನಾದಾಸಕ್ತ

ಎಲ್ಲರಿಗೂ ನಮಸ್ಕಾರ. ಸಂಗೀತ ಕೇಳುವುದಕ್ಕೆ ಒಂದೇ ಚಂದಾ ಉಳಿಸಿಕೊಂಡು ಮಿಕ್ಕವನ್ನೆಲ್ಲ ನಿಲ್ಲಿಸಬೇಕೆಂದಿದ್ದೇನೆ. ನನಗೆ ಬೇಕಾಗಿರುವುದು ಎರಡು. ಧ್ವನಿಮುದ್ರಣದಲ್ಲಿ ಇರುವುದು ಏನೂ ಕಳೆದುಹೋಗದೆ ಕಿವಿಗೆ ತಲುಪಬೇಕು, ಅಂದರೆ ಲಾಸ್‌ಲೆಸ್ ಇರಬೇಕು. ಜೊತೆಗೆ ಡಾಲ್ಬಿ ಅಟ್ಮಾಸ್‌ನಂತೆ ಧ್ವನಿ ಸುತ್ತಲಿನಿಂದ ಕೇಳಿಬರುವ ಸೌಲಭ್ಯವೂ ಇರಬೇಕು. ನನ್ನ ಬಳಿ ಆಂಡ್ರಾಯ್ಡ್ ಫೋನು, ತಂತಿ ಇರುವ ಓಪನ್ ಬ್ಯಾಕ್ ಹೆಡ್‌ಫೋನು, ಓಡಾಡುವಾಗ ಬಳಸುವ ಬ್ಲೂಟೂತ್ ಇಯರ್‌ಬಡ್ಸ್, ಟಿವಿಗೆ ಆಪ್ಟಿಕಲ್ ಕೇಬಲ್ ಮೂಲಕ ಜೋಡಿಸಿರುವ ಅಟ್ಮಾಸ್ ಸೌಂಡ್‌ಬಾರ್ ಇವೆ. ಹೆಚ್ಚಾಗಿ ಕೇಳುವುದು ಶಾಸ್ತ್ರೀಯ ಗಾಯನ, ವೀಣೆ, ಹಳೆಯ ಚಿತ್ರಗೀತೆ, ಆಗಾಗ ಪಾಶ್ಚಾತ್ಯ ಆರ್ಕೆಸ್ಟ್ರಾ. ಜಾಹೀರಾತುಗಳನ್ನು ಓದಿದರೆ ಎಲ್ಲ ಸೇವೆಗಳೂ ಎಲ್ಲವನ್ನೂ ಕೊಡುವಂತೆ ಕಾಣುತ್ತದೆ. ದರಪಟ್ಟಿಯನ್ನು ನಾನೇ ನೋಡಿಕೊಳ್ಳುತ್ತೇನೆ; ಕೇಳಿ ನೋಡಿದವರು ಧ್ವನಿಯ ಬಗ್ಗೆ ಮಾತ್ರ ತಿಳಿಸಿದರೆ ಉಪಕಾರವಾದೀತು.

ಮಂದ್ರಸ್ಥಾಯಿ

ನಾದಾಸಕ್ತರೇ, ನೀವು ಒಂದೇ ಉಸಿರಿನಲ್ಲಿ ಕೇಳಿರುವ ಎರಡು ಬೇಡಿಕೆಗಳನ್ನು ಮೊದಲು ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇವತ್ತಿನ ಸ್ಟ್ರೀಮಿಂಗ್‌ನಲ್ಲಿ ಅವೆರಡೂ ಒಂದೇ ಹಾಡಿನಲ್ಲಿ ಒಟ್ಟಿಗೆ ಸಿಗುವುದಿಲ್ಲ.

ಸಿಡಿಯ ಸ್ಟೀರಿಯೋ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿ ಮಾದರಿಗೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1411 ಕಿಲೋಬಿಟ್ ಆಗುತ್ತದೆ. ಲಾಸ್‌ಲೆಸ್ ವಿಧಾನಗಳಾದ ಫ್ಲ್ಯಾಕ್, ಅಲ್ಯಾಕ್ ಇದನ್ನು ಸುಮಾರು ಅರ್ಧದಿಂದ ಮುಕ್ಕಾಲು ಪಾಲಿಗೆ ಇಳಿಸುತ್ತವೆಯಾದರೂ ಬಿಚ್ಚಿದಾಗ ಒಂದು ಬಿಟ್ಟೂ ವ್ಯತ್ಯಾಸವಾಗದಂತೆ ಮೂಲವೇ ಹೊರಬರುತ್ತದೆ. ಅಟ್ಮಾಸ್ ಹಾಗಲ್ಲ. ಸ್ಟ್ರೀಮಿಂಗ್‌ನಲ್ಲಿ ಸ್ಪೀಕರ್‌ಗಳಿಗೆಂದು ಬರುವ ಅಟ್ಮಾಸ್ ಸಂಗೀತ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ, ದತ್ತಾಂಶವನ್ನು ಬಿಟ್ಟುಕೊಡುವ ಸಂಕೋಚನದಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ 768 ಕಿಲೋಬಿಟ್‌ನಲ್ಲಿ ಬರುತ್ತದೆ. ಅದರೊಳಗೆ ಇರುವುದು ಒಂದು 5.1 ಮಿಶ್ರಣ (ಐದು ಮುಖ್ಯ ಚಾನೆಲ್, ಒಂದು ಮಂದ್ರದ ಚಾನೆಲ್) ಮತ್ತು ಆ ಮಿಶ್ರಣದಿಂದ ಬಿಡಿಬಿಡಿ ಧ್ವನಿವಸ್ತುಗಳನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ಸೂಚನೆಗಳು. ಎರಡು ಚಾನೆಲ್‌ಗೆ 1411, ಇಡೀ ಕೋಣೆಗೆ 768. ಲಾಸ್‌ಲೆಸ್ ಅಟ್ಮಾಸ್ ಇಲ್ಲವೆಂದಲ್ಲ. ಬ್ಲೂ-ರೇ ಡಿಸ್ಕಿನಲ್ಲಿ ಡಾಲ್ಬಿ ಟ್ರೂಎಚ್‌ಡಿ ರೂಪದಲ್ಲಿ ಅದು ಇದೆ. ಸ್ಟ್ರೀಮಿಂಗ್ ಸೇವೆಗಳ ಚಂದಾದಲ್ಲಿ ಅದು ಬರುವುದಿಲ್ಲ.

ಆದ್ದರಿಂದ ‘ಎರಡಕ್ಕೂ ಯಾವುದು ಉತ್ತಮ’ ಎಂಬ ಪ್ರಶ್ನೆಗಿಂತ, ವಾರದಲ್ಲಿ ನೀವು ಕೇಳುವ ಸಂಗೀತದಲ್ಲಿ ಎಷ್ಟು ಪಾಲು ನಿಜವಾಗಿಯೂ ಅಟ್ಮಾಸ್‌ನಲ್ಲಿ ದೊರೆಯುತ್ತದೆ ಎಂಬ ಪ್ರಶ್ನೆ ಮುಖ್ಯ. ನಿಮ್ಮ ಪಟ್ಟಿಯನ್ನು ನೋಡಿದರೆ ಅದು ಬಹಳ ಕಡಿಮೆ ಇರಬಹುದೆಂದು ನನ್ನ ಅಂದಾಜು.

ತಾಳತಂತಿ

ಸೇವೆಗಳ ಸ್ಥಿತಿಯನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ದೇಶದಿಂದ ದೇಶಕ್ಕೆ ಲಭ್ಯತೆ ಬೇರೆಯಾಗುವುದರಿಂದ ಆ ಮಟ್ಟಿಗೆ ನೀವೇ ಪರಿಶೀಲಿಸಿಕೊಳ್ಳಬೇಕು.

ಆಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಲಾಸ್‌ಲೆಸ್ ಮತ್ತು ಅಟ್ಮಾಸ್ ಎರಡನ್ನೂ ಹೆಚ್ಚುವರಿ ಶುಲ್ಕವಿಲ್ಲದೆ ಸೇರಿಸಿತು. ಅಲ್ಯಾಕ್ ರೂಪದಲ್ಲಿ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ (ಅಂದರೆ ಸೆಕೆಂಡಿಗೆ 1,92,000 ಮಾದರಿಗಳವರೆಗೆ) ಅಲ್ಲಿ ಸಿಗುತ್ತದೆ. ಆಂಡ್ರಾಯ್ಡ್ ಆ್ಯಪ್‌ನಲ್ಲಿಯೂ, ಫೋನು ಬೆಂಬಲಿಸಿದರೆ, ಅಟ್ಮಾಸ್ ಇದೆ. ಅಮೆಜಾನ್ 2019ರಲ್ಲಿ ಎಚ್‌ಡಿ ಶ್ರೇಣಿಯನ್ನು ಬೇರೆ ಶುಲ್ಕಕ್ಕೆ ತಂದು, 2021ರಲ್ಲಿ ತನ್ನ ಸಾಮಾನ್ಯ ಅನ್‌ಲಿಮಿಟೆಡ್ ಚಂದಾದೊಳಕ್ಕೇ ಸೇರಿಸಿತು. ಅಲ್ಲಿ ಅಟ್ಮಾಸ್ ಜೊತೆಗೆ ಸೋನಿಯ 360 ರಿಯಾಲಿಟಿ ಆಡಿಯೋ ಎಂಬ, ಅಟ್ಮಾಸ್‌ನಂಥದೇ ಇನ್ನೊಂದು ರೂಪವೂ ಬಂದಿತು. ಟೈಡಲ್ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಅದು ವರ್ಷಗಟ್ಟಲೆ ತನ್ನ ಹೈ-ರೆಸ್ (ಸಿಡಿ ಮಟ್ಟವನ್ನು ಮೀರಿದ) ಸಂಗೀತವನ್ನು ಎಂಕ್ಯೂಎ ಎಂಬ ವಿಧಾನದಲ್ಲಿ ಕೊಡುತ್ತಿತ್ತು. ಅದು ಪೂರ್ಣ ಲಾಸ್‌ಲೆಸ್ ಅಲ್ಲ ಎಂಬ ವಾದ ಬಹುಕಾಲ ನಡೆಯಿತು. 2023ರಲ್ಲಿ ಎಂಕ್ಯೂಎ ಕಂಪನಿಯೇ ಆರ್ಥಿಕ ತೊಂದರೆಗೆ ಸಿಲುಕಿ ಕೈ ಬದಲಾಯಿತು. 2024ರ ಜುಲೈನಲ್ಲಿ ಟೈಡಲ್ ಎಂಕ್ಯೂಎಯನ್ನೂ ಸೋನಿಯ 360 ರೂಪವನ್ನೂ ಕೈಬಿಟ್ಟು ಫ್ಲ್ಯಾಕ್ ಮತ್ತು ಅಟ್ಮಾಸ್ ಎರಡನ್ನು ಮಾತ್ರ ಉಳಿಸಿಕೊಂಡಿತು. ‘ಎಂಕ್ಯೂಎ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಕೇಳುವ ಧ್ವನಿಯಾಗಿಸುವ ಉಪಕರಣ) ಇಲ್ಲದೆ ಟೈಡಲ್ ವ್ಯರ್ಥ’ ಎಂದು ಹೇಳುವ ಹಳೆಯ ಲೇಖನಗಳು ಇನ್ನೂ ಹುಡುಕಾಟದಲ್ಲಿ ಮೇಲೆ ಬರುತ್ತವೆ. ಅವನ್ನು ನಂಬಿ ಹೊಸ ಡ್ಯಾಕ್ ಕೊಳ್ಳಬೇಡಿ.

ಕೋಬಜ್ 2007ರಿಂದ ಇರುವ ಫ್ರೆಂಚ್ ಸೇವೆ. 24 ಬಿಟ್, 192 ಕಿಲೋಹರ್ಟ್ಸ್ ಫ್ಲ್ಯಾಕ್ ಅಲ್ಲಿದೆ, ಅಟ್ಮಾಸ್ ಇಲ್ಲ. ಕಡತಗಳನ್ನು ಬೆಲೆಗೆ ಕೊಂಡು ನಮ್ಮದಾಗಿ ಇಟ್ಟುಕೊಳ್ಳುವ ಅವಕಾಶವಿದೆ. ಡೀಜರ್‌ನಲ್ಲಿ ಸಿಡಿ ಗುಣಮಟ್ಟದ ಫ್ಲ್ಯಾಕ್ ಸಿಗುತ್ತದೆ. ಸ್ಪಾಟಿಫೈ 2021ರ ಫೆಬ್ರವರಿಯಲ್ಲಿ ಲಾಸ್‌ಲೆಸ್ ತರುವುದಾಗಿ ಘೋಷಿಸಿ, ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್ ಫ್ಲ್ಯಾಕ್ ಕೊಡಲಾರಂಭಿಸಿತು; ಅಟ್ಮಾಸ್ ಅಲ್ಲಿಲ್ಲ. ಯೂಟ್ಯೂಬ್ ಮ್ಯೂಸಿಕ್ 256 ಕಿಲೋಬಿಟ್‌ನ ಆಚೆಗೆ ಹೋಗಿಲ್ಲ, ಆದರೆ ಬೇರೆಲ್ಲಿಯೂ ಇಲ್ಲದ ಹಳೆಯ ಕಛೇರಿಗಳು ಅಲ್ಲಿ ಸಿಗುತ್ತವೆ ಎಂಬುದನ್ನು ಒಪ್ಪಲೇಬೇಕು.

ಸ್ವರಸಂಚಾರಿ

ತಾಳತಂತಿಯವರು ಎಲ್ಲವನ್ನೂ ಅಂಕಿಗಳಲ್ಲಿ ಮುಗಿಸಿಬಿಟ್ಟರು. ನಾನು ತಂತಿಯ ಹೆಡ್‌ಫೋನಿನಲ್ಲಿ, ಉತ್ತಮವಾದ ಡ್ಯಾಕ್ ಇಟ್ಟುಕೊಂಡು 192 ಕಿಲೋಹರ್ಟ್ಸ್ ಕಡತಗಳನ್ನು ಕೇಳುತ್ತೇನೆ. ಸಿಡಿ ಮಟ್ಟದ ಅದೇ ಗಾಯನಕ್ಕೂ ಇದಕ್ಕೂ ನನಗೆ ಸ್ಪಷ್ಟ ವ್ಯತ್ಯಾಸ ತೋರುತ್ತದೆ. ತಂಬೂರಿಯ ಸುತ್ತ ಹೆಚ್ಚು ಅವಕಾಶವಿರುವಂತೆ, ಗಾಯಕರ ಉಸಿರು ಹತ್ತಿರವಾದಂತೆ ಕೇಳಿಸುತ್ತದೆ. ಹೀಗಿರುವಾಗ 44.1ರಲ್ಲಿ ನಿಂತ ಸೇವೆಯನ್ನೂ 192ರವರೆಗೆ ಹೋಗುವ ಸೇವೆಯನ್ನೂ ಒಂದೇ ಸಾಲಿನಲ್ಲಿ ಇಡುವುದು ಸರಿಯೇ?

ಮಂದ್ರಸ್ಥಾಯಿ

ಸ್ವರಸಂಚಾರಿಯವರೇ, ನಿಮಗೆ ವ್ಯತ್ಯಾಸ ಕೇಳಿಸಿದ್ದನ್ನು ನಾನು ಸುಳ್ಳೆನ್ನುವುದಿಲ್ಲ. ಆ ವ್ಯತ್ಯಾಸಕ್ಕೆ 192 ಎಂಬ ಅಂಕಿಯೇ ಕಾರಣವೋ ಅಲ್ಲವೋ ಎಂಬುದು ಪ್ರಶ್ನೆ.

ಮಾದರಿಯ ವೇಗದ ಅರ್ಧದವರೆಗಿನ ಕಂಪನಗಳನ್ನು ಡಿಜಿಟಲ್ ವಿಧಾನ ಪೂರ್ಣವಾಗಿ ಹಿಡಿದಿಡುತ್ತದೆ ಎಂಬುದು ನೈಕ್ವಿಸ್ಟ್ ಮತ್ತು ಶ್ಯಾನನ್ ಅವರ ಹೆಸರಿನಲ್ಲಿರುವ ಸಿದ್ಧಾಂತ. 44.1 ಕಿಲೋಹರ್ಟ್ಸ್‌ನಲ್ಲಿ ಅದು 22.05 ಕಿಲೋಹರ್ಟ್ಸ್‌ವರೆಗೆ ಬರುತ್ತದೆ. ಆರೋಗ್ಯವಂತ ಎಳೆಯ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ವಯಸ್ಸಾದಂತೆ ಆ ಮಿತಿ ಇಳಿಯುತ್ತಲೇ ಹೋಗುತ್ತದೆ. ಬಿಟ್‌ಗಳ ಲೆಕ್ಕಕ್ಕೆ ಬಂದರೆ, 16 ಬಿಟ್‌ನಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಧ್ವನಿಗಳ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಧ್ವನಿಮುದ್ರಣ ಮಾಡುವಾಗ, ಮಿಶ್ರಣ ಮಾಡುವಾಗ 24 ಬಿಟ್ ಬೇಕೇ ಬೇಕು, ಏಕೆಂದರೆ ಪದೇಪದೇ ಲೆಕ್ಕಾಚಾರ ನಡೆಯುವಲ್ಲಿ ಆ ಹೆಚ್ಚುವರಿ ಅವಕಾಶ ಉಪಯೋಗಕ್ಕೆ ಬರುತ್ತದೆ. ಕೇಳುವ ಕೋಣೆಯಲ್ಲಿ ಫ್ಯಾನಿನ ಸದ್ದೇ ಅದರ ಬಹುಪಾಲನ್ನು ನುಂಗಿಬಿಡುತ್ತದೆ.

ಪರೀಕ್ಷೆಗಳೂ ನಡೆದಿವೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಹೈ-ರೆಸ್ ಧ್ವನಿಯ ದಾರಿಯಲ್ಲಿ ಸಿಡಿ ಮಟ್ಟದ ಪರಿವರ್ತನೆಯನ್ನು ಗುಟ್ಟಾಗಿ ತೂರಿಸಿ ಕೇಳಿಸಿದಾಗ, ಸಾಮಾನ್ಯ ಗಟ್ಟಿತನದಲ್ಲಿ ಕೇಳುಗರು ಅದನ್ನು ಗುರುತಿಸಲಿಲ್ಲ. 2016ರಲ್ಲಿ ರೈಸ್ ಎಂಬ ಸಂಶೋಧಕರು ಅದುವರೆಗಿನ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇ 52ರ ಆಸುಪಾಸಿಗೆ ಬಂದಿತು. ತರಬೇತಿ ಪಡೆದವರಲ್ಲಿ ಗಮನಾರ್ಹವಾಗಿ ಹೆಚ್ಚು. ಅಂದರೆ ವ್ಯತ್ಯಾಸ ಶೂನ್ಯವೆಂದು ಆಣೆಯಿಟ್ಟು ಹೇಳಲಾಗದು, ಆದರೆ ನಾಣ್ಯ ಚಿಮ್ಮಿದರೆ ಶೇ 50 ತಾನಾಗಿಯೇ ಬರುತ್ತದೆ ಎಂಬುದನ್ನು ಮರೆಯಲೂ ಆಗದು.

ನೀವು ಕೇಳಿದ ಎರಡು ಕಡತಗಳು ಒಂದೇ ಮಾಸ್ಟರ್‌ನಿಂದ, ಅಂದರೆ ಬಿಡುಗಡೆಗೆಂದು ಸಿದ್ಧಪಡಿಸಿದ ಒಂದೇ ಅಂತಿಮ ಪ್ರತಿಯಿಂದ ಬಂದಿದ್ದವೇ ಎಂಬುದನ್ನು ನೋಡಿದ್ದೀರಾ? ಹೈ-ರೆಸ್ ಆವೃತ್ತಿಗೆಂದು ಹೊಸದಾಗಿ ಮಾಸ್ಟರ್ ಮಾಡುವುದು ಬಹಳ ಸಾಮಾನ್ಯ. ಆಗ ತಂಬೂರಿಯ ಸುತ್ತಲಿನ ಅವಕಾಶ ಮಾಸ್ಟರಿಂಗ್ ಮಾಡಿದವರ ಕೈಚಳಕವಾಗಿರುತ್ತದೆ, ಅದೇ ಮಾಸ್ಟರನ್ನು 44.1ಕ್ಕೆ ಇಳಿಸಿದರೂ ಅದು ಉಳಿದಿರುತ್ತದೆ.

ಸ್ವರಸಂಚಾರಿ

ಅವು ಬೇರೆ ಬೇರೆ ವರ್ಷದ ಬಿಡುಗಡೆಗಳು ಎಂಬುದು ಈಗ ನೋಡಿದಾಗ ತಿಳಿಯಿತು. ಆದರೂ 24 ಬಿಟ್, 96 ಕಿಲೋಹರ್ಟ್ಸ್ ಸಿಗುವಾಗ ಅದನ್ನೇ ತೆಗೆದುಕೊಳ್ಳುವುದರಲ್ಲಿ ನಷ್ಟವೇನಿದೆ?

ಮಂದ್ರಸ್ಥಾಯಿ

ನಷ್ಟ ಹೆಚ್ಚಿಲ್ಲ, ಡೇಟಾ ಮಾತ್ರ. 320 ಕಿಲೋಬಿಟ್ ಹಾಡು ನಿಮಿಷಕ್ಕೆ 2.4 ಮೆಗಾಬೈಟ್ ಆಗುತ್ತದೆ. 24 ಬಿಟ್, 192 ಕಿಲೋಹರ್ಟ್ಸ್ ಸ್ಟೀರಿಯೋ ಸಂಕೋಚನಕ್ಕೆ ಮುಂಚೆ ಸೆಕೆಂಡಿಗೆ 9216 ಕಿಲೋಬಿಟ್, ಅಂದರೆ ನಿಮಿಷಕ್ಕೆ 69 ಮೆಗಾಬೈಟ್. ಮನೆಯ ವೈಫೈನಲ್ಲಿ ಚಿಂತೆಯಿಲ್ಲ. ಹೈ-ರೆಸ್ ಆವೃತ್ತಿಯ ಮಾಸ್ಟರ್ ಚೆನ್ನಾಗಿದ್ದರೆ ಖಂಡಿತ ಅದನ್ನೇ ಕೇಳಿ. ಆದರೆ ಒಂದು ಸೇವೆ 192ರವರೆಗೆ ಹೋಗುತ್ತದೆ, ಇನ್ನೊಂದು 44.1ಕ್ಕೆ ನಿಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ ಚಂದಾ ಬದಲಿಸುವುದು ನನಗೆ ಸರಿಯೆನಿಸದು.

ಇಳಿಹೊತ್ತು

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಇಯರ್‌ಬಡ್ಸ್ ವಿಷಯವನ್ನು ಯಾರೂ ಮುಟ್ಟಲಿಲ್ಲ. ಹೊರಗೆ ಓಡಾಡುವಾಗ ಬ್ಲೂಟೂತ್‌ನಲ್ಲಿ ಕೇಳುವವರಿಗೆ ಹೈ-ರೆಸ್ ಚಂದಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಎಸ್‌ಬಿಸಿ ಎಂಬ ಮೂಲಭೂತ ಕೊಡೆಕ್ (ಧ್ವನಿಯನ್ನು ಹಿಂಡಿ ಕಳಿಸುವ ವಿಧಾನ) ಸಾಮಾನ್ಯವಾಗಿ ಸುಮಾರು 328 ಕಿಲೋಬಿಟ್‌ಗೆ ನಿಲ್ಲುತ್ತದೆ. ಎಎಸಿ ಇನ್ನೂ ಕಡಿಮೆ ಬಿಟ್‌ರೇಟಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಗುಣ ಫೋನಿನಿಂದ ಫೋನಿಗೆ ಬದಲಾಗುತ್ತದೆ. ಸೋನಿಯ ಎಲ್‌ಡ್ಯಾಕ್ 330, 660, 990 ಎಂಬ ಮೂರು ಮಟ್ಟಗಳಲ್ಲಿ ಓಡುತ್ತದೆ. ಜನಜಂಗುಳಿಯಲ್ಲಿ, ಸುತ್ತ ಹತ್ತಾರು ಸಂಕೇತಗಳಿರುವಲ್ಲಿ ಅದು ತಾನಾಗಿ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. 990 ಕೂಡ ಸಿಡಿಯ 1411ಕ್ಕಿಂತ ಕಡಿಮೆಯೇ. ಆಪ್ಟ್‌ಎಕ್ಸ್ ಲಾಸ್‌ಲೆಸ್ ಎಂಬುದೊಂದು ಸಿಡಿ ಮಟ್ಟವನ್ನು ಮುಟ್ಟುತ್ತದೆಯಾದರೂ ಫೋನು, ಇಯರ್‌ಬಡ್ಸ್ ಎರಡರಲ್ಲಿಯೂ ಅದು ಇರಬೇಕು, ಸಂಕೇತವೂ ಗಟ್ಟಿಯಾಗಿರಬೇಕು.

ಆ್ಯಪ್ ಪರದೆಯ ಮೇಲೆ ‘ಲಾಸ್‌ಲೆಸ್’ ಎಂದು ಹೊಳೆಯುತ್ತಿರುವುದು ಸರ್ವರ್‌ನಿಂದ ಫೋನಿನವರೆಗಿನ ದಾರಿಗೆ ಮಾತ್ರ ಸಂಬಂಧಿಸಿದ್ದು. ಫೋನಿನಿಂದ ಕಿವಿಯವರೆಗಿನ ಕೊನೆಯ ಒಂದು ಮೀಟರಿನಲ್ಲಿ ಧ್ವನಿಯನ್ನು ಮತ್ತೊಮ್ಮೆ ಹಿಂಡಿ ಕಳಿಸಲಾಗುತ್ತದೆ. ಹೊರಗಿನ ಬಳಕೆಗೆ 256 ಅಥವಾ 320 ಇಟ್ಟುಕೊಂಡು ಡೇಟಾ ಉಳಿಸಿ. ಇಯರ್‌ಬಡ್ಸ್‌ನ ರಬ್ಬರ್ ತುದಿ ನಿಮ್ಮ ಕಿವಿಗೆ ಸರಿಯಾಗಿ ಕೂರುತ್ತದೆಯೇ ನೋಡಿಕೊಳ್ಳಿ. ಆ ತುದಿ ಸಡಿಲವಾಗಿ ಮಂದ್ರ ಸೋರಿಹೋದರೆ ಆಗುವ ನಷ್ಟದ ಮುಂದೆ ಕೊಡೆಕ್‌ನ ನಷ್ಟ ಏನೇನೂ ಅಲ್ಲ.

ತಾಳತಂತಿ

ಇಳಿಹೊತ್ತು ಅವರ ಮಾತಿಗೆ ತಂತಿಯ ಕಡೆಯಿಂದ ಒಂದು ಸೇರ್ಪಡೆ. ಆಂಡ್ರಾಯ್ಡ್‌ನಲ್ಲಿ ಎಲ್ಲ ಆ್ಯಪ್‌ಗಳ ಧ್ವನಿಯೂ ಒಂದು ಮಿಕ್ಸರ್ ಮೂಲಕ ಹಾದು, ಸಾಮಾನ್ಯವಾಗಿ 48 ಕಿಲೋಹರ್ಟ್ಸ್‌ಗೆ ಪರಿವರ್ತನೆಗೊಂಡು ಹೊರಬರುತ್ತದೆ. ಆಂಡ್ರಾಯ್ಡ್ 14ರಿಂದ ಯುಎಸ್‌ಬಿ ಡ್ಯಾಕ್‌ಗೆ ಈ ಮಿಕ್ಸರನ್ನು ದಾಟಿ ಮೂಲ ಬಿಟ್‌ಗಳನ್ನೇ ಕಳಿಸುವ ಅವಕಾಶ ಸೇರಿದೆ, ಆದರೆ ಅದನ್ನು ಆ್ಯಪ್ ಬಳಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಟೈಡಲ್, ಅಮೆಜಾನ್, ಕೋಬಜ್ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಎಂಬುದಿದೆ. ಅದನ್ನು ಹಾಕಿದರೆ ಡ್ಯಾಕ್ ಆ ಒಂದೇ ಆ್ಯಪ್‌ನ ಕೈಗೆ ಸಿಗುತ್ತದೆ. ನನ್ನ ಕಿವಿಗೆ 44.1ರಿಂದ 48ಕ್ಕೆ ಆಗುವ ಪರಿವರ್ತನೆ ಗೊತ್ತಾಗುವುದಿಲ್ಲ. ಅದು ಗೊತ್ತಾಗುತ್ತದೆ ಎನ್ನುವವರು ಕಂಪ್ಯೂಟರಿನ ದಾರಿ ಹಿಡಿಯುವುದು ಸುಲಭ.

ಮಿಶ್ರಣಮನೆ

ಸ್ಟುಡಿಯೋದಲ್ಲಿ ಮಿಶ್ರಣದ ಕೆಲಸ ಮಾಡುವವನಾಗಿ ಅಟ್ಮಾಸ್ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಲು ಅನುಮತಿ ಕೋರುತ್ತೇನೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ಅಟ್ಮಾಸ್ ಎಂಬುದನ್ನು ಬಿಟ್‌ರೇಟ್‌ನ ಲೆಕ್ಕದಲ್ಲಿ ಮಾತ್ರ ಅಳೆಯಲಾಗಿದೆ. ಅದು ಬಡವಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಬಿಟ್‌ರೇಟ್ ಅಲ್ಲ, ಮಿಶ್ರಣ.

ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆಂದು ಬಂದ ವಿಧಾನ. ಅದರಲ್ಲಿ 128 ಧ್ವನಿಗಳವರೆಗೆ ಇಡಬಹುದು. 10 ಚಾನೆಲ್‌ಗಳ ಒಂದು ಹಾಸು, ಉಳಿದ 118 ಸ್ವತಂತ್ರ ವಸ್ತುಗಳು. ಪ್ರತಿಯೊಂದು ವಸ್ತುವಿಗೂ ಕೋಣೆಯಲ್ಲಿ ಒಂದು ಸ್ಥಾನವಿರುತ್ತದೆ, ಕೇಳುಗರ ಬಳಿ ಎಷ್ಟು ಸ್ಪೀಕರ್ ಇವೆಯೋ ಅದಕ್ಕೆ ತಕ್ಕಂತೆ ಆ ಸ್ಥಾನವನ್ನು ಲೆಕ್ಕ ಹಾಕಿ ನುಡಿಸಲಾಗುತ್ತದೆ. ಹೆಡ್‌ಫೋನಿನಲ್ಲಿ ಇರುವುದು ಎರಡೇ ಸ್ಪೀಕರ್ ಆದ್ದರಿಂದ, ತಲೆ ಮತ್ತು ಕಿವಿಯಾಲೆ ಧ್ವನಿಯನ್ನು ಹೇಗೆ ಬದಲಾಯಿಸುತ್ತವೆ ಎಂಬ ಗಣಿತದ ಮೂಲಕ ಹಿಂದೆ, ಮೇಲೆ ಎಂಬ ಭ್ರಮೆ ಹುಟ್ಟಿಸಬೇಕಾಗುತ್ತದೆ. ಆ ಗಣಿತ ಒಂದು ಸರಾಸರಿ ಕಿವಿಯದು. ನಿಮ್ಮ ಕಿವಿ ಆ ಸರಾಸರಿಗೆ ಹತ್ತಿರವಿದ್ದರೆ ಧ್ವನಿ ತಲೆಯ ಹೊರಗೆ ಹರಡುತ್ತದೆ; ದೂರವಿದ್ದರೆ ಗಾಯನ ತೆಳುವಾಗಿ, ಬಚ್ಚಲುಮನೆಯ ಗೋಡೆಗೆ ತಾಗಿ ಬಂದಂತೆ ಕೇಳಿಸುತ್ತದೆ. ಆಪಲ್ 2022ರಲ್ಲಿ ಐಓಎಸ್ 16ರ ಜೊತೆಗೆ ಫೋನಿನ ಕ್ಯಾಮೆರಾದಿಂದ ಕಿವಿಯನ್ನು ಸ್ಕ್ಯಾನ್ ಮಾಡುವ ವ್ಯವಸ್ಥೆ ತಂದದ್ದು ಇದೇ ಕಾರಣಕ್ಕೆ.

ಸೇವೆಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಇಲ್ಲಿಯೇ. ಡಾಲ್ಬಿಯ ಉಪಕರಣದಲ್ಲಿ ನಾವು ಪ್ರತಿ ವಸ್ತುವಿಗೂ ಹೆಡ್‌ಫೋನಿನಲ್ಲಿ ಅದು ಹತ್ತಿರ, ಮಧ್ಯಮ, ದೂರ ಇರಬೇಕೆಂದೋ, ಅಥವಾ ಆ ಭ್ರಮೆಯೇ ಬೇಡವೆಂದೋ ಗುರುತು ಹಾಕುತ್ತೇವೆ. ಗಾಯಕಿಯ ಧ್ವನಿಗೆ, ಮಂದ್ರದ ವಾದ್ಯಕ್ಕೆ ‘ಬೇಡ’ ಎಂದೇ ಹಾಕುವುದು ಹೆಚ್ಚು. ಟೈಡಲ್, ಅಮೆಜಾನ್ ಫೋನಿನ ಹೆಡ್‌ಫೋನಿಗೆ ಬಳಸುವ ಎಸಿ-4 ಎಂಬ ರೂಪದಲ್ಲಿ ಈ ಗುರುತುಗಳು ಉಳಿಯುತ್ತವೆ. ಆಪಲ್ ತನ್ನ ಸಾಧನಗಳಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪವನ್ನು ತೆಗೆದುಕೊಂಡು ತನ್ನದೇ ಲೆಕ್ಕದಲ್ಲಿ ಹೆಡ್‌ಫೋನಿಗೆ ಇಳಿಸುತ್ತದೆ; ನಮ್ಮ ಗುರುತುಗಳು ಅಲ್ಲಿ ಗಣನೆಗೆ ಬರುವುದಿಲ್ಲ. ಆದ್ದರಿಂದಲೇ ಒಂದೇ ಹಾಡಿನ ಒಂದೇ ಅಟ್ಮಾಸ್ ಮಿಶ್ರಣ ಎರಡು ಸೇವೆಗಳಲ್ಲಿ ಎರಡು ಬಗೆಯಲ್ಲಿ ಕೇಳಿಸುತ್ತದೆ. ಇದರಲ್ಲಿ ಯಾವುದು ಮೇಲು ಎಂದು ನಾನು ಹೇಳುವುದಿಲ್ಲ, ಏಕೆಂದರೆ ತೀರ್ಮಾನಿಸಬೇಕಾದದ್ದು ನಿಮ್ಮ ಕಿವಿಯ ಆಕಾರ.

ಇನ್ನೊಂದು ಕಹಿ ಸಂಗತಿ. ಆಪಲ್ 2024ರ ಜನವರಿಯಿಂದ ಅಟ್ಮಾಸ್‌ನಲ್ಲಿಯೂ ಲಭ್ಯವಿರುವ ಸಂಗೀತಕ್ಕೆ ಶೇ 10ರವರೆಗೆ ಹೆಚ್ಚು ರಾಯಧನ ಕೊಡಲು ಶುರುಮಾಡಿತು. ಉದ್ದೇಶ ಒಳ್ಳೆಯದೇ ಇರಬಹುದು. ಪರಿಣಾಮವಾಗಿ ಹಳೆಯ ಹಾಡುಗಳನ್ನು ಆತುರದಲ್ಲಿ ಅಟ್ಮಾಸ್‌ಗೆ ತಿರುಗಿಸುವ ಕೆಲಸವೂ ಹೆಚ್ಚಿತು. ಮೂಲದ ಬಿಡಿ ಟ್ರ್ಯಾಕ್‌ಗಳಿಂದ ಮಾಡಿದ ಮಿಶ್ರಣಕ್ಕೂ, ಸಿದ್ಧ ಸ್ಟೀರಿಯೋವನ್ನು ತಂತ್ರಾಂಶದಿಂದ ಸೀಳಿ ಹಿಂದಕ್ಕೆ ಮುಂದಕ್ಕೆ ಹರಡಿದ ಮಿಶ್ರಣಕ್ಕೂ ಆ್ಯಪ್‌ನಲ್ಲಿ ಒಂದೇ ಮುದ್ರೆ ಬೀಳುತ್ತದೆ. ಎರಡನೆಯದನ್ನು ಗುರುತಿಸುವುದು ಕಷ್ಟವಲ್ಲ: ಗಾಯನದ ‘ಸ’ಕಾರ ‘ಶ’ಕಾರಗಳ ಬಾಲ ಹಿಂದಿನ ಸ್ಪೀಕರಿನಲ್ಲಿ ಚುರುಚುರು ಎನ್ನುತ್ತದೆ, ತಾಳವಾದ್ಯದ ಪೆಟ್ಟು ತನ್ನ ಬಿಗಿ ಕಳೆದುಕೊಂಡಿರುತ್ತದೆ.

ನಾದಾಸಕ್ತ

ಇಷ್ಟೆಲ್ಲ ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಮಿಶ್ರಣಮನೆಯವರಲ್ಲಿ ಒಂದು ಸಂದೇಹ. ಒಂದು ಸೇವೆಯ ಉಚಿತ ಅವಧಿಯಲ್ಲಿ ಅಟ್ಮಾಸ್ ಹಾಕಿ ಕೇಳಿದಾಗ ಅದು ಸ್ಟೀರಿಯೋಗಿಂತ ಮೆಲ್ಲಗೆ, ಸಪ್ಪೆಯಾಗಿ ಕೇಳಿಸಿತು. ಅದು ಕಿವಿಯ ಆಕಾರದ ಸಮಸ್ಯೆಯೋ, ಮಿಶ್ರಣದ್ದೋ?

ಮಿಶ್ರಣಮನೆ

ಎರಡೂ ಅಲ್ಲದೆ ಇರಬಹುದು. ಅಟ್ಮಾಸ್ ಸಂಗೀತವನ್ನು ಒಪ್ಪಿಸುವಾಗ ಸರಾಸರಿ ಗಟ್ಟಿತನ ಮೈನಸ್ 18 ಎಲ್‌ಯುಎಫ್‌ಎಸ್ (ಗಟ್ಟಿತನದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಮೀರಬಾರದೆಂಬ ನಿಯಮವಿದೆ. ಸ್ಟೀರಿಯೋ ಮಾಸ್ಟರ್‌ಗಳು ಅದಕ್ಕಿಂತ 8, 10 ಡೆಸಿಬೆಲ್ ಜೋರಾಗಿ ಇರುವುದು ಅಪರೂಪವಲ್ಲ. ಸ್ಪಾಟಿಫೈನಂಥ ಸೇವೆಗಳು ಸ್ಟೀರಿಯೋವನ್ನು ಮೈನಸ್ 14ರ ಸುತ್ತ ತಂದು ನಿಲ್ಲಿಸುವ ಹೊಂದಾಣಿಕೆಯನ್ನು ಮೊದಲೇ ಹಾಕಿಟ್ಟಿರುತ್ತವೆ. ಆ ಹೊಂದಾಣಿಕೆ ಇಲ್ಲದಿದ್ದರೆ ಎರಡು ಆವೃತ್ತಿಗಳ ನಡುವೆ ಹಾರಿದಾಗ ಜೋರಾಗಿರುವುದೇ ಚೆಂದವೆನಿಸುತ್ತದೆ. ಮನುಷ್ಯನ ಕಿವಿಯ ಸ್ವಭಾವ ಅದು. ವಾಲ್ಯೂಮ್ ಏರಿಸಿ ಸಮಮಾಡಿಕೊಂಡು ಮತ್ತೆ ಕೇಳಿ. ಗಟ್ಟಿತನಕ್ಕಾಗಿ ಹಿಂಡದೆ ಇರುವುದರಿಂದ ಹಲವು ಅಟ್ಮಾಸ್ ಮಿಶ್ರಣಗಳಲ್ಲಿ ಪೆಟ್ಟುಗಳಿಗೆ ಉಸಿರಾಡುವ ಜಾಗ ಹೆಚ್ಚು ಸಿಗುತ್ತದೆ. ಆರ್ಕೆಸ್ಟ್ರಾ ಮುದ್ರಣಗಳಲ್ಲಿ ಸಭಾಂಗಣದ ಅನುರಣನ ಮೇಲಿನಿಂದ, ಹಿಂದಿನಿಂದ ಬರುವುದು ಸಹಜವಾಗಿರುವುದರಿಂದ ಅಲ್ಲಿ ಅಟ್ಮಾಸ್‌ಗೆ ನಾನು ಯಾವಾಗಲೂ ಮತ ಹಾಕುತ್ತೇನೆ. ಒಬ್ಬರೇ ಕುಳಿತು ವೀಣೆ ನುಡಿಸಿದ ಮುದ್ರಣಕ್ಕೆ ಅದರ ಅಗತ್ಯ ನನಗೆ ಇನ್ನೂ ಕಂಡಿಲ್ಲ.

ಇಳಿಹೊತ್ತು

ಹಾಗಾದರೆ ನಾದಾಸಕ್ತರು ಲಾಸ್‌ಲೆಸ್ ಬೇಕೇ ಬೇಡವೇ ಎಂಬುದನ್ನಾದರೂ ತಮ್ಮ ಕಿವಿಯಿಂದಲೇ ತೀರ್ಮಾನಿಸಿಕೊಳ್ಳುವುದು ಹೇಗೆ?

ಮಂದ್ರಸ್ಥಾಯಿ

ಎರಡು ಸೇವೆಗಳನ್ನು ಎರಡು ಆ್ಯಪ್‌ಗಳಲ್ಲಿ ಅಕ್ಕಪಕ್ಕ ಹಾಕಿ ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಮಾಸ್ಟರ್ ಬೇರೆ ಇರಬಹುದು, ಗಟ್ಟಿತನವಂತೂ ಬೇರೆಯೇ ಇರುತ್ತದೆ. ನೀವು ಚೆನ್ನಾಗಿ ಬಲ್ಲ ಒಂದು ಮುದ್ರಣದ ಫ್ಲ್ಯಾಕ್ ಕಡತವನ್ನು ಕೊಂಡುಕೊಳ್ಳಿ. ಅದರಿಂದಲೇ 256 ಕಿಲೋಬಿಟ್ ಎಎಸಿ ಅಥವಾ 320ರ ಆವೃತ್ತಿಯೊಂದನ್ನು ಕಂಪ್ಯೂಟರಿನಲ್ಲಿ ತಯಾರಿಸಿ. ಫೂಬಾರ್2000 ಎಂಬ ಉಚಿತ ಪ್ಲೇಯರ್‌ಗೆ ಎಬಿಎಕ್ಸ್ ಎಂಬ ಸೇರ್ಪಡೆ ಇದೆ. ಅದು ಎರಡು ಕಡತಗಳಲ್ಲಿ ಒಂದನ್ನು ಮುಸುಕು ಹಾಕಿ ನುಡಿಸಿ, ಅದು ಯಾವುದೆಂದು ಗುರುತಿಸಲು ಹೇಳುತ್ತದೆ. 16 ಸಲದಲ್ಲಿ 12 ಅಥವಾ ಹೆಚ್ಚು ಸಲ ಸರಿಯಾಗಿ ಹೇಳಿದರೆ, ಅದು ಬರೀ ಊಹೆಯಿಂದ ಬಂದಿರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಇಡೀ ಹಾಡನ್ನು ಕೇಳುವ ಬದಲು ಕೆಲವೇ ಸೆಕೆಂಡಿನ ತುಣುಕನ್ನು ಮತ್ತೆ ಮತ್ತೆ ಕೇಳಬೇಕು.

ತುಣುಕನ್ನು ಆರಿಸುವುದರಲ್ಲಿ ಗುಟ್ಟಿದೆ. ದೀರ್ಘವಾದ ಆಲಾಪನೆಯ ಸ್ವರದಲ್ಲಿ ಸಂಕೋಚನದ ದೋಷ ಸಿಗುವುದು ಕಷ್ಟ. ಖಂಜಿರದ ಬಿಲ್ಲೆಗಳು, ಗೆಜ್ಜೆ, ಕಛೇರಿಯ ಕೊನೆಯಲ್ಲಿ ಸಭೆ ತಟ್ಟುವ ಚಪ್ಪಾಳೆ, ಇಂಥ ಕಡೆ ಹುಡುಕಿ. ಚಪ್ಪಾಳೆಯೆಂದರೆ ಸಾವಿರಾರು ಸಣ್ಣ ಪೆಟ್ಟುಗಳು ಒಂದರ ಮೇಲೊಂದು ಬೀಳುವುದು. ಅವನ್ನು ಹಿಂಡುವಾಗ ಒಂದೊಂದು ಪೆಟ್ಟಿನ ಮುಂಚೆಯೂ ಸಣ್ಣದೊಂದು ಮಸುಕು ಸೇರಿಕೊಂಡು, 96 ಅಥವಾ 128 ಕಿಲೋಬಿಟ್‌ನಲ್ಲಿ ಅಂಗೈಗಳ ಸದ್ದು ಮಾಯವಾಗಿ ಸುಯ್ಯೆನ್ನುವ ಒಂದು ಪದರ ಮಾತ್ರ ಉಳಿಯುತ್ತದೆ. ಮೊದಲು ಅಲ್ಲಿ ಕಿವಿಯನ್ನು ಪಳಗಿಸಿಕೊಂಡು, ಆಮೇಲೆ 192, 256, 320 ಎಂದು ಏರುತ್ತಾ ಹೋಗಿ. 256ರಲ್ಲಿ ನನಗೆ ಗುರುತು ಹತ್ತುವುದು ನಿಂತುಹೋಗುತ್ತದೆ. ಹಾಗಿದ್ದರೂ ನಾನು ಲಾಸ್‌ಲೆಸ್ ಚಂದಾವನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಈಗ ಹಲವು ಸೇವೆಗಳಲ್ಲಿ ಅದಕ್ಕೆ ಬೇರೆ ಶುಲ್ಕವಿಲ್ಲ.

ಮಿಶ್ರಣಮನೆ

ನಾದಾಸಕ್ತರು ಹಳೆಯ ಚಿತ್ರಗೀತೆಗಳನ್ನು ಹೆಸರಿಸಿದ್ದರಿಂದ ಇದನ್ನೂ ಹೇಳುತ್ತೇನೆ. ಲಾಸ್‌ಲೆಸ್ ಎಂಬ ಮುದ್ರೆ ಕಡತದ ರೂಪಕ್ಕೆ ಮಾತ್ರ ಖಾತರಿ ಕೊಡುತ್ತದೆ, ಒಳಗೆ ತುಂಬಿಸಿದ್ದಕ್ಕಲ್ಲ. ಹಳೆಯ ಸಂಗೀತದ ಹಕ್ಕುಗಳು ಕೈಯಿಂದ ಕೈಗೆ ಹೋಗುವಾಗ ಮೂಲ ಟೇಪು ಕಳೆದುಹೋಗಿ, ಕ್ಯಾಸೆಟ್‌ನಿಂದಲೋ ಎಂದೋ ಮಾಡಿದ ಎಂಪಿ3 ಕಡತದಿಂದಲೋ ಹೊಸ ಪ್ರತಿ ತಯಾರಾಗುವುದುಂಟು. ಕೊಂಡ ಕಡತವನ್ನು ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಕಂಪನಗಳ ಚಿತ್ರ ಬರುತ್ತದೆ. ಚಿತ್ರ 16 ಕಿಲೋಹರ್ಟ್ಸ್‌ನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿ ನಿಂತಿದ್ದರೆ ಅದು ಹಿಂದೊಮ್ಮೆ 128 ಕಿಲೋಬಿಟ್ ಎಂಪಿ3 ಆಗಿದ್ದಿರಬೇಕೆಂದು ಅನುಮಾನಿಸಬಹುದು. 96 ಕಿಲೋಹರ್ಟ್ಸ್ ಎಂದು ಬರೆದ ಕಡತ 22ರಲ್ಲಿ ಹಾಗೆ ನಿಂತಿದ್ದರೆ ಅದು ಸಿಡಿಯನ್ನೇ ಹಿಗ್ಗಿಸಿದ್ದು. ಹಳೆಯ ಟೇಪಿನ ಮುದ್ರಣವಾದರೆ ಮೇಲಿನ ಕಂಪನಗಳು ಕ್ರಮೇಣ ಮಸುಕಾಗುತ್ತಾ ಹೋಗುತ್ತವೆ, ಗೆರೆ ಎಳೆದಂತೆ ನಿಲ್ಲುವುದಿಲ್ಲ.

ಮೋನೋ ಮುದ್ರಣಕ್ಕೆ ಅಟ್ಮಾಸ್ ಮುದ್ರೆ ಕಂಡರೆ ನಾನು ಸ್ಟೀರಿಯೋ ಆವೃತ್ತಿಗೇ ಮರಳುತ್ತೇನೆ. ಒಂದೇ ಮೈಕಿನ ಸುತ್ತ ನಿಂತು ಹಾಡಿದವರನ್ನು ಕೋಣೆಯ ನಾಲ್ಕು ಮೂಲೆಗೆ ಕಳಿಸುವುದರಲ್ಲಿ ಅರ್ಥವಿಲ್ಲ. ಈ ಬಗೆಯ ಸಂಗೀತಕ್ಕೆ ಸೇವೆಯನ್ನು ಆರಿಸುವಾಗ, ಒಂದೇ ಹಾಡಿನ ಹಲವು ಬಿಡುಗಡೆಗಳನ್ನು ಬಿಡಿಯಾಗಿ ತೋರಿಸಿ, ಯಾವ ವರ್ಷದ್ದು ಎಂದು ತಿಳಿಸುವ ಸೇವೆಯನ್ನು ಆರಿಸಿ.

ನಾದಾಸಕ್ತ

ನನಗೆ ಈಗ ಹೀಗೆ ತೋರುತ್ತಿದೆ: ಶಾಸ್ತ್ರೀಯ ಗಾಯನಕ್ಕೂ ಹಳೆಯ ಹಾಡುಗಳಿಗೂ ಸ್ಟೀರಿಯೋ ಲಾಸ್‌ಲೆಸ್ ಸಾಕು, ಆರ್ಕೆಸ್ಟ್ರಾಕ್ಕೆ ಮಾತ್ರ ಅಟ್ಮಾಸ್. ಎರಡೂ ಒಂದೇ ಚಂದಾದಲ್ಲಿ ಬೇಕಾದರೆ ಆಪಲ್, ಟೈಡಲ್, ಅಮೆಜಾನ್ ಈ ಮೂರರಲ್ಲಿ ಒಂದು. ಫೋನಿಗೆ ಸಣ್ಣದೊಂದು ಯುಎಸ್‌ಬಿ ಡ್ಯಾಕ್ ಜೋಡಿಸಿ ಹೆಡ್‌ಫೋನಿನಲ್ಲಿ ಸ್ಟೀರಿಯೋ, ಸೌಂಡ್‌ಬಾರ್‌ನಲ್ಲಿ ಅಟ್ಮಾಸ್. ಇದು ಸರಿಯಾದ ದಾರಿಯೇ?

ತಾಳತಂತಿ

ದಾರಿ ಸರಿಯಾಗಿದೆ. ಆ ಮೂರರಲ್ಲಿ ನೀವು ಕೇಳುವ ಕಲಾವಿದರ ಹತ್ತು ಆಲ್ಬಂಗಳನ್ನು ಹುಡುಕಿ ನೋಡಿ, ಯಾವುದರಲ್ಲಿ ಹೆಚ್ಚು ಸಿಗುತ್ತವೆಯೋ ಅದನ್ನೇ ತೆಗೆದುಕೊಳ್ಳಿ. ಅಟ್ಮಾಸ್ ಅನ್ನು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ‘ಯಾವಾಗಲೂ’ ಎಂದು ಇಡಬೇಡಿ. ಹಾಗೆ ಇಟ್ಟರೆ ಲಾಸ್‌ಲೆಸ್ ಸ್ಟೀರಿಯೋ ಇರುವ ಹಾಡಿನಲ್ಲಿಯೂ ಅಟ್ಮಾಸ್ ಆವೃತ್ತಿಯೇ ಓಡುತ್ತದೆ. ನಿಮ್ಮ ಓಪನ್ ಬ್ಯಾಕ್ ಹೆಡ್‌ಫೋನಿನ ವಿದ್ಯುತ್ ತಡೆ 250, 300 ಓಮ್ ಇದ್ದರೆ ಡ್ಯಾಕ್‌ಗೆ ಅದನ್ನು ನುಡಿಸುವಷ್ಟು ಶಕ್ತಿ ಇದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ.

ಮಿಶ್ರಣಮನೆ

ಸೌಂಡ್‌ಬಾರ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಆಪ್ಟಿಕಲ್ ಕೇಬಲ್‌ನಿಂದ ಜೋಡಿಸಿರುವುದಾಗಿ ಮೊದಲ ಬರಹದಲ್ಲಿ ಹೇಳಿದ್ದೀರಿ. ಆ ಕೇಬಲ್ ಹಳೆಯ ಡಾಲ್ಬಿ ಡಿಜಿಟಲ್ 5.1ನ್ನು ಸಾಗಿಸುತ್ತದೆಯೇ ಹೊರತು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನು ಸಾಗಿಸುವುದಿಲ್ಲ. ಆದ್ದರಿಂದ ಯಾವ ಸೇವೆ ತೆಗೆದುಕೊಂಡರೂ ನಿಮಗೆ ಅಟ್ಮಾಸ್ ಸಿಗುವುದಿಲ್ಲ. ಟಿವಿಯ ಹಿಂಬದಿಯಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಯಿಂದ ಸೌಂಡ್‌ಬಾರ್‌ನ ಅದೇ ಹೆಸರಿನ ಕಿಂಡಿಗೆ ಕೇಬಲ್ ಹಾಕಿ. ಟಿವಿಯ ಆ್ಯಪ್‌ನಿಂದಲೇ ಕೇಳುವುದಾದರೆ ಎಆರ್‌ಸಿ ಸಾಕು. ಆಪಲ್ ಟಿವಿ 4ಕೆ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ ಅಲ್ಲಿಂದ ಸೌಂಡ್‌ಬಾರ್‌ಗೆ ಕಳಿಸುವುದಾದರೆ ಸಾಮಾನ್ಯವಾಗಿ ಇಎಆರ್‌ಸಿ ಬೇಕಾಗುತ್ತದೆ, ಏಕೆಂದರೆ ಆ ಪೆಟ್ಟಿಗೆ ಅಟ್ಮಾಸ್ ಅನ್ನು ಬಿಚ್ಚಿ ಭಾರವಾದ ಬೇರೊಂದು ರೂಪದಲ್ಲಿ ಹೊರಗೆ ಕಳಿಸುತ್ತದೆ.

ಟಿವಿಯ ಧ್ವನಿ ಸೆಟ್ಟಿಂಗ್ ಪಿಸಿಎಂ ಎಂದಿದ್ದರೆ ಅದನ್ನು ಪಾಸ್‌ಥ್ರೂ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಿಸಿ. ನಿಮ್ಮ ಸೌಂಡ್‌ಬಾರ್ ಧ್ವನಿಯನ್ನು ಮೇಲಕ್ಕೆ ಚಿಮ್ಮಿಸಿ ಛಾವಣಿಯಿಂದ ಪುಟಿಸುವ ಬಗೆಯದಾದರೆ ಛಾವಣಿ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಇಳಿಜಾರಾಗಿದ್ದರೆ ಅಥವಾ ಧ್ವನಿ ಹೀರುವ ಹಲಗೆಗಳಿದ್ದರೆ ಮೇಲಿನ ಧ್ವನಿ ಹುಟ್ಟುವುದಿಲ್ಲ. ಹಾಡು ಹಾಕಿದಾಗ ಸೌಂಡ್‌ಬಾರ್‌ನ ಪರದೆಯಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ‘ಅಟ್ಮಾಸ್’ ಎಂದು ಬರುತ್ತದೆಯೇ ನೋಡಿ. ಬರದಿದ್ದರೆ ಟಿವಿಯ ಮಾದರಿಯನ್ನು ಇಲ್ಲಿ ಬರೆಯಿರಿ. ಆ ಸೇವೆಯ ಟಿವಿ ಆ್ಯಪ್‌ನಲ್ಲಿ ಅಟ್ಮಾಸ್ ಇದೆಯೇ ಎಂಬುದನ್ನು ನೋಡಿ ಹೇಳುತ್ತೇನೆ. ಅದು ತಿಳಿಯುವವರೆಗೆ ವರ್ಷದ ಚಂದಾ ಕಟ್ಟಬೇಡಿ, ತಿಂಗಳದ್ದೇ ಸಾಕು.